ಜಾಜಿಕಾಯಿಯ ದ್ವೀಪಗಳೂ ಯೂರೋಪೀಯರ ಮೊದಲ ವಸಾಹತುಗಳೂ

ಕನ್ನಡನಾಡಿನಲ್ಲಿ ಜಾಜಿಕಾಯಿಯನ್ನರಿಯದ ತಾಯಿ ಇಲ್ಲ. ಹಸುಗೂಸಿಗೆ ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವದಕ್ಕೂ, ತಾಂಬೂಲಕ್ಕೆ ಪರಿಮಳವನ್ನು ಕೂಡಿಸುವದಕ್ಕೂ, ವೈದ್ಯರ ಚೂರ್ಣ ಲೇಹ್ಯಗಳಿಗೂ ಅದು ಬೇಕಾದ ವಸ್ತುವಾಗಿರುವದು. ಅದನ್ನು ಸುತ್ತಿಕೊಂಡಿರುವ ಕೆಂಪು ಜಾಲರಿಯೇ ಜಾಪತ್ರೆ. ಇಷ್ಟು ಚಿಕ್ಕದಾದ ಈ ಕಾಯಿಗಾಗಿ ಒಂದು ಕಾಲಕ್ಕೆ ರಾಷ್ಟ್ರ ರಾಷ್ಟ್ರಗಳು ಹೋರಾಡಿದವು. ಒಂದು ಜನಾಂಗವು ತನ್ನ ನೆಲದಿಂದ ಬಹುಮಟ್ಟಿಗೆ ಅಳಿದುಹೋಯಿತು. ಭೂಮಂಡಲದ ಮತ್ತೊಂದು ಬದಿಯಲ್ಲಿದ್ದ ಒಂದು ದ್ವೀಪದ ಹಣೆಬರಹವು ಅದರ ಲೆಕ್ಕದೊಡನೆಯೇ ತೀರ್ಮಾನವಾಯಿತು.

ಯೂರೋಪ ಖಂಡದ ರಾಷ್ಟ್ರಗಳು ಸಮುದ್ರದಾಚೆಯಲ್ಲಿ ವಸಾಹತುಗಳನ್ನು ಸ್ಥಾಪಿಸಿದ ಚರಿತ್ರವನ್ನು ಸಾಮಾನ್ಯವಾಗಿ ವೀರನಾವಿಕರ ಸಾಹಸಕಥೆಯೆಂದು ಹೇಳುವದುಂಟು. ಸಾಹಸವು ಸುಳ್ಳಲ್ಲ. ಆದರೆ ಯಾವ ವಸಾಹತು ಯಾವ ರೂಪವನ್ನು ತಾಳಿತೆಂಬದನ್ನು ತಿಳಿಯಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಬೇಕಾಗುವದು. ಬಂದವರು ಏನನ್ನು ಬಯಸಿ ಬಂದರು? ಯಾವ ಪ್ರತಿಸ್ಪರ್ಧಿಗೆ ಅಂಜಿದರು? ಆ ನೆಲದ ಜನರ ಅನ್ನವು ಯಾರ ಕೈಯಲ್ಲಿದ್ದಿತು? ಈ ಮೂರನೆಯ ಪ್ರಶ್ನೆಯೇ ಮಿಕ್ಕೆರಡಕ್ಕಿಂತ ಹಿರಿದೆಂಬದು ಮುಂದಿನ ವೃತ್ತಾಂತದಿಂದ ವಾಚಕರಿಗೆ ಮನವರಿಕೆಯಾಗದಿರದು.

೧. ಸಮುದ್ರದ ಪಾಲು

ಮೊದಲು ಹೊರಟವರು ಪೋರ್ತುಗಾಲ ಮತ್ತು ಸ್ಪೇನ ದೇಶದವರು. ಕೊಲಂಬಸನು ೧೪೯೨ರಲ್ಲಿ ಪಶ್ಚಿಮದ ದ್ವೀಪಗಳನ್ನು ಕಂಡು ಮರಳಿದ ಕೂಡಲೇ ಈ ಎರಡು ರಾಜ್ಯಗಳಿಗೆ ವಿವಾದವು ಹುಟ್ಟಿತು. ೧೪೯೪ರಲ್ಲಿ ಟೋರ್ಡೆಸಿಲ್ಲಾಸ ಎಂಬ ಊರಿನಲ್ಲಿ ಅವರು ಒಂದು ಒಡಂಬಡಿಕೆಯನ್ನು ಮಾಡಿಕೊಂಡರು. ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡೆ ದ್ವೀಪಗಳಿಂದ ೩೭೦ ಲೀಗ್ ದೂರದಲ್ಲಿ ಉತ್ತರ ದಕ್ಷಿಣವಾಗಿ ಒಂದು ರೇಖೆಯನ್ನು ಕಲ್ಪಿಸಿ, ಅದರ ಪಶ್ಚಿಮದ ಲೋಕವೆಲ್ಲ ಸ್ಪೇನಿಗೆ, ಪೂರ್ವದ ಲೋಕವೆಲ್ಲ ಪೋರ್ತುಗಾಲಕ್ಕೆ ಎಂದು ನಿರ್ಣಯಿಸಿದರು. ಅಣ್ಣತಮ್ಮಂದಿರು ಪಿತ್ರಾರ್ಜಿತ ಹೊಲವನ್ನು ಹಂಚಿಕೊಂಡಂತೆ ಅವರು ಕಂಡರಿಯದ ಸಮುದ್ರವನ್ನು ಹಂಚಿಕೊಂಡರು. ಆ ಹೊಲಗಳಲ್ಲಿ ಆಗಲೇ ಒಕ್ಕಲಿದ್ದವರನ್ನು ಕೇಳಿದವರಿಲ್ಲ. ಭೂಮಿಯು ಗುಂಡಗಿರುವದರಿಂದ ಆ ರೇಖೆಯು ಪೂರ್ವದ ಸಮುದ್ರದಲ್ಲಿ ಎಲ್ಲಿ ಬೀಳುವದೆಂಬ ವ್ಯಾಜ್ಯವು ಮತ್ತೆ ಎದ್ದಿತು. ೧೫೨೯ರಲ್ಲಿ ಸ್ಪೇನಿನ ದೊರೆಯು ಲವಂಗದ ಮೊಲುಕ್ಕಾ ದ್ವೀಪಗಳ ಮೇಲಿನ ತನ್ನ ಹಕ್ಕನ್ನು ಮೂರೂವರೆ ಲಕ್ಷ ಡಕಾಟ್ ಹೊನ್ನಿಗೆ ಪೋರ್ತುಗಾಲಕ್ಕೆ ಬಿಟ್ಟುಕೊಟ್ಟನು.

ಈ ಪಾಲನ್ನು ಉಳಿದ ರಾಷ್ಟ್ರಗಳು ಒಪ್ಪಲಿಲ್ಲ. ೧೫೬೪ರಲ್ಲಿ ಫ್ರಾನ್ಸಿನ ಪ್ರೊಟೆಸ್ಟಂಟರು ಅಮೇರಿಕದ ಫ್ಲಾರಿಡಾ ತೀರದಲ್ಲಿ ಒಂದು ಕೋಟೆಯನ್ನು ಕಟ್ಟಿದರು. ಸ್ಪೇನಿನ ಬೆಳ್ಳಿಯ ಹಡಗುಗಳು ಆ ತೀರವನ್ನು ಸಾರಿಯೇ ಸ್ವದೇಶಕ್ಕೆ ಮರಳುತ್ತಿದ್ದವು. ಮರುವರ್ಷವೇ ಮೆನೆಂಡೆಸನೆಂಬ ಸ್ಪೇನಿನ ಸೇನಾಪತಿಯು ಅಲ್ಲಿಗೆ ಬಂದು ಸಂತ ಆಗಸ್ಟಿನ್ ಎಂಬ ಠಾಣೆಯನ್ನು ಸ್ಥಾಪಿಸಿ, ಫ್ರೆಂಚರ ಕೋಟೆಯನ್ನು ಹಿಡಿದು, ಶರಣು ಬಂದವರಲ್ಲಿಯೂ ಬಹುಜನರನ್ನು ಕೊಲ್ಲಿಸಿದನು. ಇಂದಿನ ಅಮೇರಿಕ ಸಂಯುಕ್ತ ಸಂಸ್ಥಾನಗಳ ಮುಖ್ಯಭೂಮಿಯಲ್ಲಿ ಯೂರೋಪೀಯರು ಸ್ಥಾಪಿಸಿ ಇಂದಿನವರೆಗೂ ಎಡೆಬಿಡದೆ ವಾಸವಿರುವ ಊರುಗಳೊಳಗೆ ಅದೇ ಹಳೆಯದು. ಅದು ಹುಟ್ಟಿದ್ದು ಒಕ್ಕಲುತನಕ್ಕಾಗಿಯೂ ಅಲ್ಲ, ವ್ಯಾಪಾರಕ್ಕಾಗಿಯೂ ಅಲ್ಲ, ಮತ್ತೊಬ್ಬನನ್ನು ಓಡಿಸುವದಕ್ಕಾಗಿ.

ಬಯಕೆಗೆ ತಕ್ಕಂತೆ ವಸಾಹತಿನ ರೂಪವೂ ಬೇರೆಯಾಯಿತು. ಸ್ಪೇನದವರು ಬೆಳ್ಳಿಯನ್ನು ಬಯಸಿದರು. ಆದುದರಿಂದ ಒಳನಾಡಿಗೆ ಹೊಕ್ಕು, ಗಣಿಗಳಲ್ಲಿ ದೇಶೀಯರನ್ನು ದುಡಿಸಿ, ನಡುವೆ ಚೌಕವಿಟ್ಟು ನಗರಗಳನ್ನು ಕಟ್ಟಿದರು. ಪೋರ್ತುಗೀಜರು ಪೂರ್ವದಲ್ಲಿ ಮಸಾಲೆಯ ದಾರಿಯನ್ನು ಬಯಸಿದರು. ಆದುದರಿಂದ ರೇವುಗಳಲ್ಲಿ ಕೋಟೆಗಳನ್ನಿಟ್ಟು, ತಮ್ಮ ರಹದಾರಿ ಚೀಟಿಯಿಲ್ಲದ ಹಡಗುಗಳನ್ನು ಹಿಡಿದರು. ಗೋವೆಯು ೧೫೧೦ರಲ್ಲಿಯೂ, ಮಲಾಕ್ಕಾ ೧೫೧೧ರಲ್ಲಿಯೂ ಅವರ ವಶವಾದವು. ಉತ್ತರ ಅಮೇರಿಕದಲ್ಲಿ ಫ್ರೆಂಚರು ತುಪ್ಪಳದ ಚರ್ಮಗಳನ್ನು ಬಯಸಿ ೧೬೦೮ರಲ್ಲಿ ಕ್ವಿಬೆಕ್ಕಿನಲ್ಲಿ ನೆಲೆಯೂರಿದರು. ಚರ್ಮಗಳನ್ನು ತರುವವರು ಅಲ್ಲಿಯ ಬೇಟೆಗಾರರೇ ಆದುದರಿಂದ ಅವರೊಡನೆ ಸ್ನೇಹವು ಅವರಿಗೆ ಅವಶ್ಯವಾಯಿತು. ಇಂಗ್ಲಿಷರು ೧೬೦೭ರಲ್ಲಿ ವರ್ಜಿನಿಯಾದಲ್ಲಿಯೂ, ೧೬೨೦ರ ತರುವಾಯ ಉತ್ತರದ ತೀರದಲ್ಲಿಯೂ ಬಂದಿಳಿದು ಕ್ರಮೇಣ ನೆಲವನ್ನೇ ಬಯಸಿದರು. ಅಂಥವರಿಗೆ ಪೂರ್ವದ ಒಡೆಯರು ಅಡ್ಡಿಯಾಗಿ ಕಂಡರು.

೨. ವ್ಯಾಪಾರಿಗಳು ಅರಸರಾದುದು

ಡಚ್ಚರು ಆಗ ಸ್ಪೇನಿನ ದೊರೆಯ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದರು. ೧೫೮೦ರಲ್ಲಿ ಪೋರ್ತುಗಾಲವೂ ಅದೇ ದೊರೆಯ ಕೈಸೇರಲು, ಲಿಸ್ಬನ್ನಿನ ಮಸಾಲೆಯ ಪೇಟೆಯು ಅವರಿಗೆ ನೆಚ್ಚತಕ್ಕದ್ದಾಗಿ ಉಳಿಯಲಿಲ್ಲ. ಆದಕಾರಣ ಮೂಲಸ್ಥಾನಕ್ಕೇ ಹೋಗಬೇಕೆಂದು ಅವರು ನಿಶ್ಚಯಿಸಿದರು. ದಾರಿಯನ್ನು ತೋರಿಸಿದವನು ಗೋವೆಯಲ್ಲಿದ್ದು ಬಂದ ಒಬ್ಬ ಡಚ್ಚನೇ. ಲಿನ್‌ಸ್ಕೋಟನ್ ಎಂಬವನು ಗೋವೆಯ ಆರ್ಚ್‌ಬಿಷಪ್ಪನ ಕಾರ್ಯದರ್ಶಿಯಾಗಿದ್ದು, ಪೋರ್ತುಗೀಜರು ಗುಟ್ಟಾಗಿಟ್ಟಿದ್ದ ಸಮುದ್ರಮಾರ್ಗಗಳ ವಿವರವನ್ನು ಸಂಗ್ರಹಿಸಿ, ೧೫೯೬ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಶತಮಾನದ ಗುಟ್ಟು ಪೇಟೆಯ ಪುಸ್ತಕವಾಯಿತು.

ಇಂಗ್ಲಂಡಿನ ಈಸ್ಟ್ ಇಂಡಿಯಾ ಕಂಪನಿಯು ೧೬೦೦ನೆಯ ಇಸವಿಯ ಕೊನೆಯ ದಿನ ರಾಣಿಯಿಂದ ಸನದನ್ನು ಪಡೆಯಿತು. ೧೬೦೨ರಲ್ಲಿ ಡಚ್ಚರು ತಮ್ಮ ಊರೂರಿನ ವ್ಯಾಪಾರ ಸಂಘಗಳನ್ನು ಒಂದುಗೂಡಿಸಿ ತಮ್ಮ ಕಂಪನಿಯನ್ನು ಕಟ್ಟಿದರು. ಅದರ ಮೂಲಧನವು ಸುಮಾರು ೬೪ ಲಕ್ಷ ಗಿಲ್ಡರ್. ಆಗಿನ ಇಂಗ್ಲಿಷ್ ಕಂಪನಿಯ ಧನಕ್ಕಿಂತ ಹಲವು ಪಟ್ಟು ಹೆಚ್ಚು. ಹದಿನೇಳು ಜನ ನಿರ್ದೇಶಕರ ಸಭೆಯು ಅದನ್ನು ನಡೆಸುತ್ತಿದ್ದಿತು. ಯುದ್ಧ ಮಾಡುವ, ಕೋಟೆ ಕಟ್ಟುವ, ಸೈನ್ಯವನ್ನಿಡುವ, ಪರರಾಜರೊಡನೆ ಒಡಂಬಡಿಕೆ ಮಾಡಿಕೊಳ್ಳುವ ಅಧಿಕಾರವು ಅದಕ್ಕೆ ಸನದಿನಿಂದಲೇ ದೊರೆತಿದ್ದಿತು. ಹೀಗೆ ಲಾಭವನ್ನು ನೋಡುವ ಕಣ್ಣಿಗೆ ಕತ್ತಿಯನ್ನು ಹಿಡಿದ ಕೈ ಕೂಡಿತು. ಅರಸನಿಗಾದರೂ ಪ್ರಜಾಪಾಲನೆಯ ಧರ್ಮವೊಂದುಂಟು. ಷೇರುದಾರರಿಗೆ ಲಾಭವನ್ನೊಪ್ಪಿಸಬೇಕಾದ ಕಂಪನಿಗೆ ದೂರದ ದ್ವೀಪದ ಜನರು ಪ್ರಜೆಗಳೂ ಅಲ್ಲ, ಗಿರಾಕಿಗಳೂ ಅಲ್ಲ, ಖರ್ಚಿನ ಬಾಬು ಮಾತ್ರ.

೩. ಬಾಂದಾ ದ್ವೀಪಗಳ ದುರಂತ

ಇಂದಿನ ಇಂಡೋನೇಶಿಯಾ ದೇಶದ ಪೂರ್ವಭಾಗದಲ್ಲಿ ಬಾಂದಾ ಎಂಬ ಪುಟ್ಟ ದ್ವೀಪಗಳ ಗುಂಪಿರುವದು. ಲೊಂಟಾರ್, ನೇಯ್ರಾ, ಆಯಿ, ರುನ್ ಎಂಬವು ಅವುಗಳಲ್ಲಿ ಮುಖ್ಯವಾದವು. ನಡುವೆ ಒಂದು ಜ್ವಾಲಾಮುಖಿ. ಆ ಕಾಲದಲ್ಲಿ ಲೋಕದ ಪೇಟೆಗೆ ಬರುವ ಜಾಜಿಕಾಯಿ ಜಾಪತ್ರೆಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಅಲ್ಲಿ ಅರಸನಿರಲಿಲ್ಲ, ಓರಾಂಗ್ ಕಾಯಾ ಎಂಬ ಊರ ಹಿರಿಯರು ಕೂಡಿ ಕಾರ್ಯಭಾರವನ್ನು ನಡೆಸುತ್ತಿದ್ದರು. ಜನರು ವ್ಯಾಪಾರದಲ್ಲಿ ನಿಪುಣರು. ಜಾವಾ, ಮಲಾಕ್ಕಾಗಳ ಹಡಗುಗಳು ಅಕ್ಕಿಯನ್ನೂ, ಗುಜರಾತ ಚೋಳಮಂಡಲಗಳ ಅರಿವೆಯನ್ನೂ ತರುತ್ತಿದ್ದವು. ಪ್ರತಿಯಾಗಿ ಜಾಜಿಕಾಯಿಯನ್ನು ಒಯ್ಯುತ್ತಿದ್ದವು. ಆ ಗುಡ್ಡಗಳಲ್ಲಿ ಪರಿಮಳವು ಬೆಳೆಯುತ್ತಿದ್ದಿತು, ಅನ್ನವು ಬೆಳೆಯುತ್ತಿರಲಿಲ್ಲ. ಅವರ ಐಶ್ವರ್ಯವೂ ಅದೇ, ಅಪಾಯವೂ ಅದೇ.

ಡಚ್ಚರು ಬಂದು, ಜಾಜಿಕಾಯಿಯನ್ನು ತಮಗೆ ಹೊರತು ಯಾರಿಗೂ ಮಾರಕೂಡದೆಂಬ ಕರಾರುಪತ್ರಗಳಿಗೆ ಕೆಲವು ಹಿರಿಯರಿಂದ ಒಪ್ಪಿಗೆಯನ್ನು ಪಡೆದರು. ಆ ಪತ್ರವನ್ನು ಅಕ್ಷರಶಃ ನಡೆಸಿದರೆ ಜಾವಾದ ಅಕ್ಕಿಯ ಹಡಗು ಬರಿಗೈಯಿಂದ ಮರಳಬೇಕು. ಅಕ್ಕಿಯ ಹಡಗು ಬಾರದಿದ್ದರೆ ಮಕ್ಕಳು ಉಪವಾಸವಿರಬೇಕು. ಆದುದರಿಂದ ಜನರು ಬಂದವರಿಗೆಲ್ಲ ಮಾರುತ್ತಲೇ ಇದ್ದರು. ಡಚ್ಚರು ಇದನ್ನು ವಿಶ್ವಾಸಘಾತವೆಂದರು. ೧೬೦೯ರಲ್ಲಿ ವೆರ್ಹೂವೆನ್ ಎಂಬ ಅವರ ನೌಕಾಧಿಪತಿಯು ನೇಯ್ರಾ ದ್ವೀಪದಲ್ಲಿ ಕೋಟೆಯನ್ನು ಕಟ್ಟಿಸತೊಡಗಲು, ದ್ವೀಪದವರು ಮಾತುಕತೆಗೆಂದು ಕರೆದು ಅವನನ್ನೂ ಸಂಗಡಿಗರನ್ನೂ ಕೊಂದರು. ಈ ಕೃತ್ಯವು ಸರಿಯೆಂದು ಯಾರೂ ಹೇಳಲಾರರು. ಆ ಪಯಣದಲ್ಲಿ ಬಂದಿದ್ದ ತರುಣ ವ್ಯಾಪಾರಿಯೊಬ್ಬನು ಅದನ್ನು ಜೀವಮಾನವೆಲ್ಲ ಮರೆಯಲಿಲ್ಲ. ಅವನೇ ಯಾನ್ ಪೀಟರ್‌ಸೋನ್ ಕೂನ್.

ಇಂಗ್ಲಿಷರು ಈ ಮಧ್ಯದಲ್ಲಿ ಆಯಿ ಮತ್ತು ರುನ್ ದ್ವೀಪಗಳ ಸ್ನೇಹವನ್ನು ಗಳಿಸಿದರು. ಆಯಿ ದ್ವೀಪವನ್ನು ೧೬೧೬ರಲ್ಲಿ ಡಚ್ಚರು ಗೆದ್ದರು. ಅದೇ ವರ್ಷದ ಕೊನೆಯಲ್ಲಿ ನಥಾನಿಯೆಲ್ ಕೋರ್ಟ್‌ಹೋಪ್ ಎಂಬ ಇಂಗ್ಲಿಷನು ಎರಡು ಹಡಗುಗಳೊಡನೆ ರುನ್ ದ್ವೀಪಕ್ಕೆ ಬಂದನು. ಸುಮಾರು ಮೂರು ಕಿಲೋಮೀಟರ ಉದ್ದ, ಒಂದು ಕಿಲೋಮೀಟರಿಗೂ ಕಡಮೆ ಅಗಲವಿರುವ ಆ ತುಂಡುನೆಲವನ್ನು ಅಲ್ಲಿಯ ಹಿರಿಯರು ಇಂಗ್ಲಂಡಿನ ದೊರೆಯ ರಕ್ಷಣೆಗೆ ಒಪ್ಪಿಸಿದರು. ಕೋರ್ಟ್‌ಹೋಪನು ಅನ್ನ ನೀರುಗಳ ಕೊರತೆಯಲ್ಲಿಯೂ ಸುಮಾರು ನಾಲ್ಕು ವರ್ಷ ಡಚ್ಚರ ದಿಗ್ಬಂಧನವನ್ನು ಸಹಿಸಿ, ೧೬೨೦ರ ಅಕ್ಟೋಬರದಲ್ಲಿ ದೋಣಿಯಲ್ಲಿ ಬರುತ್ತಿರುವಾಗ ಹತನಾದನು. ೧೬೧೯ರಲ್ಲಿಯೇ ಎರಡೂ ಕಂಪನಿಗಳು ಯೂರೋಪದಲ್ಲಿ ಸಂಧಿಮಾಡಿಕೊಂಡು, ಮಸಾಲೆ ದ್ವೀಪಗಳ ವ್ಯಾಪಾರದಲ್ಲಿ ಮೂರರಲ್ಲೊಂದು ಪಾಲು ಇಂಗ್ಲಿಷರಿಗೆಂದು ಗೊತ್ತುಮಾಡಿದ್ದವು. ಅವರನ್ನು ನಂಬಿದ ದ್ವೀಪದವರಿಗೆ ಆ ಸಂಧಿಯಲ್ಲಿ ಯಾವ ಅಭಯವೂ ಇರಲಿಲ್ಲ.

ಕೂನನು ಈಗ ಗವರ್ನರ್ ಜನರಲ್ಲನಾಗಿದ್ದನು. ೧೬೧೯ರಲ್ಲಿ ಜಾವಾದ ಜಯಕರ್ತ ಪಟ್ಟಣವನ್ನು ಸುಟ್ಟು, ಆ ಸ್ಥಳದಲ್ಲಿ ಬಟಾವಿಯಾ ನಗರವನ್ನು ಡಚ್ಚರ ಊರುಗಳಂತೆ ಕಾಲುವೆಗಳನ್ನು ತೋಡಿಸಿ ಕಟ್ಟಿಸತೊಡಗಿದ್ದನು. ೧೬೨೧ರ ಆರಂಭದಲ್ಲಿ ಅವನು ಹದಿಮೂರು ದೊಡ್ಡ ಹಡಗುಗಳೊಡನೆ, ಸಾವಿರದ ಆರುನೂರಕ್ಕೂ ಮಿಕ್ಕ ಸೈನಿಕರೊಡನೆ ಬಾಂದಾಕ್ಕೆ ಬಂದಿಳಿದನು. ಲೊಂಟಾರ್ ದ್ವೀಪವು ಬಿದ್ದಿತು. ಹಳ್ಳಿಗಳು ಸುಡಲ್ಪಟ್ಟವು. ಗುಡ್ಡಗಳಿಗೆ ಓಡಿದವರು ಹಸಿವಿನಿಂದಲೂ ರೋಗದಿಂದಲೂ ಸತ್ತರು. ಕೆಲವರು ಕಡಿದಾದ ಬಂಡೆಗಳಿಂದ ಕಡಲಿಗೆ ಹಾರಿಕೊಂಡರು. ಮೇ ತಿಂಗಳಲ್ಲಿ ನಾಲ್ವತ್ತಕ್ಕೂ ಹೆಚ್ಚು ಜನ ಹಿರಿಯರನ್ನು ಬಿದಿರಿನ ದೊಡ್ಡಿಯೊಳಗೆ ಕೂಡಿ, ಕೂಲಿಯ ಜಪಾನೀ ಭಟರಿಂದ ತಲೆಹೊಡೆಯಿಸಿದರು. ಸುಮಾರು ೮೦೦ ಜನರನ್ನು ಬಟಾವಿಯಾಕ್ಕೆ ಸಾಗಿಸಿದರು. ಯುದ್ಧದ ಮೊದಲು ದ್ವೀಪಗಳಲ್ಲಿ ಹದಿನೈದು ಸಾವಿರದಷ್ಟು ಜನರಿದ್ದರೆಂದೂ, ತರುವಾಯ ಅಲ್ಲಿ ಉಳಿದವರು ಸಾವಿರದ ಆಸುಪಾಸೆಂದೂ ಇತಿಹಾಸಕಾರರು ಅಂದಾಜು ಮಾಡಿರುವರು.

ಬರಿದಾದ ನೆಲವನ್ನು ಕಂಪನಿಯು ೬೮ ತೋಟಗಳನ್ನಾಗಿ ವಿಂಗಡಿಸಿ ಡಚ್ ತೋಟಗಾರರಿಗೆ ವಹಿಸಿತು. ದುಡಿಯುವವರು ದೂರದಿಂದ ತಂದ ಗುಲಾಮರು. ಕಾಯಿಗಳನ್ನು ಕಂಪನಿಗೇ ಅದು ಗೊತ್ತುಮಾಡಿದ ಬೆಲೆಗೆ ಒಪ್ಪಿಸಬೇಕು. ಬೀಜವು ಬೇರೆಡೆಯಲ್ಲಿ ಮೊಳೆಯದಂತೆ ಜಾಜಿಕಾಯಿಯನ್ನು ಸುಣ್ಣದಲ್ಲಿ ಅದ್ದಿ ಕಳಿಸುತ್ತಿದ್ದರು. ರುನ್ ದ್ವೀಪವು ಎಂದಾದರೂ ಇಂಗ್ಲಿಷರಿಗೆ ಮರಳಿದರೆ ಪ್ರಯೋಜನವಾಗಬಾರದೆಂದು ಅಲ್ಲಿಯ ಗಿಡಗಳನ್ನು ಕಡಿಸಿದರು. ಪ್ರತಿಸ್ಪರ್ಧಿಯ ಅಂಜಿಕೆಯು ಜನರನ್ನು ಕೊಂದುದಲ್ಲದೆ ಗಿಡಗಳನ್ನೂ ಉಳಿಸಲಿಲ್ಲ.

೪. ಮನ್‌ಹಾಟನ್ ದ್ವೀಪ

ಬಾಂದಾದಲ್ಲಿ ವೆರ್ಹೂವೆನನು ಸತ್ತ ೧೬೦೯ನೆಯ ಇಸವಿಯಲ್ಲಿಯೇ ಅದೇ ಕಂಪನಿಯ ಮತ್ತೊಂದು ಹಡಗು ಪೂರ್ವದೇಶಗಳಿಗೆ ಹೊಸ ದಾರಿಯನ್ನು ಹುಡುಕುತ್ತ ಅಮೇರಿಕದ ತೀರವನ್ನು ಸೇರಿದ್ದಿತು. ಅದರ ನಾಯಕನಾದ ಹೆನ್ರಿ ಹಡ್ಸನ್ನನು ಒಂದು ದೊಡ್ಡ ಹೊಳೆಯನ್ನು ಹೊಕ್ಕು ನೋಡಿದನು. ದಾರಿಯು ಸಿಕ್ಕಲಿಲ್ಲ, ಬೀವರ್ ಎಂಬ ನೀರುಪ್ರಾಣಿಯ ತುಪ್ಪಳದ ಚರ್ಮಗಳು ಸಿಕ್ಕವು. ೧೬೨೧ರಲ್ಲಿ, ಬಾಂದಾ ಹಾಳಾದ ವರ್ಷದಲ್ಲಿಯೇ, ಡಚ್ಚರು ಪಶ್ಚಿಮದ ವ್ಯಾಪಾರಕ್ಕಾಗಿ ವೆಸ್ಟ್ ಇಂಡಿಯಾ ಕಂಪನಿಯನ್ನು ಸ್ಥಾಪಿಸಿದರು. ೧೬೨೪ರಲ್ಲಿ ಸುಮಾರು ಮೂವತ್ತು ಸಂಸಾರಗಳು ಅಲ್ಲಿಗೆ ಬಂದವು. ೧೬೨೬ರಲ್ಲಿ ಮನ್‌ಹಾಟನ್ ದ್ವೀಪವನ್ನು ಅಲ್ಲಿಯ ಲೆನಾಪೆ ಜನರಿಂದ ೬೦ ಗಿಲ್ಡರ್ ಬೆಲೆಯ ಸಾಮಾನಿಗೆ ಕೊಂಡೆವೆಂದು ಡಚ್ಚರು ಬರೆದುಕೊಂಡರು. ಆ ಸುದ್ದಿಯನ್ನು ತಂದ ಹಡಗಿನಲ್ಲಿಯೇ ೭,೨೪೬ ಬೀವರ್ ಚರ್ಮಗಳು ಬಂದಿದ್ದವು. ನೆಲವನ್ನು ಶಾಶ್ವತವಾಗಿ ಮಾರುವ ಪದ್ಧತಿಯೇ ಲೆನಾಪೆ ಜನರಲ್ಲಿರಲಿಲ್ಲ. ಕೂಡಿ ಅನುಭವಿಸಲು ಒಪ್ಪಿದೆವೆಂದು ಅವರು ತಿಳಿದಿರಬೇಕು. ಒಂದೇ ವ್ಯವಹಾರವು ಒಬ್ಬರಿಗೆ ಕ್ರಯಪತ್ರ, ಮತ್ತೊಬ್ಬರಿಗೆ ಅತಿಥಿಸತ್ಕಾರ. ಈ ತಿಳಿವಳಿಕೆಯ ಅಂತರವು ೧೬೪೩ರಲ್ಲಿ ಭೀಕರ ಯುದ್ಧಕ್ಕೆ ಎಡೆಗೊಟ್ಟ ಕಾರಣಗಳಲ್ಲೊಂದು.

ಆ ವಸಾಹತಿನ ಊರಿಗೆ ನ್ಯೂ ಆಮ್‌ಸ್ಟರ್‌ಡಾಂ ಎಂದು ಹೆಸರಾಯಿತು. ಕಂಪನಿಗೆ ಬೇಕಾದುದು ವ್ಯಾಪಾರ. ಆದುದರಿಂದ ಬಂದವನ ಕುಲಗೋತ್ರಗಳನ್ನು ಅದು ಬಹಳವಾಗಿ ವಿಚಾರಿಸಲಿಲ್ಲ. ಆ ಸಣ್ಣ ಊರಿನಲ್ಲಿ ಹದಿನೆಂಟು ಭಾಷೆಗಳ ಜನರಿದ್ದರೆಂದು ೧೬೪೩ರಲ್ಲಿ ಅಲ್ಲಿಗೆ ಬಂದ ಒಬ್ಬ ಫ್ರೆಂಚ್ ಪಾದ್ರಿಯು ಬರೆದಿಟ್ಟಿರುವನು. ಕೋಟೆ ಕೊತ್ತಲಗಳ ಕೆಲಸಕ್ಕೆ ಆಫ್ರಿಕದ ಗುಲಾಮರನ್ನು ತಂದರು. ಇಂಗ್ಲಂಡಿನೊಡನೆ ಯುದ್ಧವು ಹತ್ತಲು, ೧೬೫೩ರಲ್ಲಿ ಊರ ಉತ್ತರದ ಅಂಚಿಗೆ ಮರದ ಗೋಡೆಯೊಂದನ್ನು ಹಾಕಿದರು. ಇಂದು ಲೋಕದ ಧನಿಕರೆಲ್ಲ ಹೆಸರು ಹೇಳುವ ವಾಲ್ ಸ್ಟ್ರೀಟ್ ಎಂಬ ಬೀದಿಯು ಆ ಅಂಜಿಕೆಯ ಗೋಡೆಯ ಗುರುತಾಗಿರುವದು.

ಗೋಡೆಯು ಊರನ್ನುಳಿಸಲಿಲ್ಲ. ಎರಡೂ ಪಕ್ಕಗಳಲ್ಲಿ ಇಂಗ್ಲಿಷರ ಒಕ್ಕಲುಗಳು ಹೆಚ್ಚುತ್ತಿದ್ದವು. ೧೬೬೪ರಲ್ಲಿ ಇಂಗ್ಲಂಡಿನ ದೊರೆಯು ತನ್ನದಲ್ಲದ ಆ ನಾಡನ್ನು ತನ್ನ ತಮ್ಮನಾದ ಯಾರ್ಕ್ ಡ್ಯೂಕನಿಗೆ ದಾನಮಾಡಿ ನಾಲ್ಕು ಹಡಗುಗಳನ್ನು ಕಳಿಸಿದನು. ಡಚ್ ಅಧಿಕಾರಿಯಾದ ಸ್ಟೈವೆಸಂಟನು ಕಾದಾಡಬೇಕೆಂದನು. ಪುರಜನರು ಮನೆಮಾರುಗಳನ್ನು ನೆನೆದು ಬೇಡವೆಂದು ಬಿನ್ನಹ ಬರೆದುಕೊಟ್ಟರು. ಆಸ್ತಿ, ಮತಾಚರಣೆ, ಉತ್ತರಾಧಿಕಾರದ ರೂಢಿಗಳನ್ನು ಕಾಯುವ ಕರಾರಿನ ಮೇಲೆ ಊರನ್ನು ಒಪ್ಪಿಸಲಾಯಿತು. ಅದು ನ್ಯೂಯಾರ್ಕ್ ಆಯಿತು.

೫. ಬ್ರೇಡಾದ ಸಂಧಿ

೧೬೬೭ರ ಜುಲೈ ೩೧ರಂದು ಡಚ್ಚರ ಬ್ರೇಡಾ ಪಟ್ಟಣದಲ್ಲಿ ಸಂಧಿಯಾಯಿತು. ಯಾರ ಕೈಯಲ್ಲಿರುವದು ಅವರಿಗೇ ಇರಲಿ ಎಂಬದು ಅದರ ಮುಖ್ಯ ಸೂತ್ರ. ಅದರಂತೆ ರುನ್ ದ್ವೀಪವೂ ದಕ್ಷಿಣ ಅಮೇರಿಕದ ಸುರಿನಾಮವೂ ಡಚ್ಚರಿಗೆ ಉಳಿದವು. ನ್ಯೂಯಾರ್ಕ್ ಇಂಗ್ಲಿಷರಿಗೆ ಉಳಿಯಿತು. ೧೬೭೩ರಲ್ಲಿ ಡಚ್ಚರು ಮನ್‌ಹಾಟನ್ನನ್ನು ಮರಳಿ ಹಿಡಿದರೂ ಮರುವರ್ಷವೇ ಬಿಟ್ಟುಕೊಟ್ಟರು. ಜಾಜಿಕಾಯಿಯ ಏಕಸ್ವಾಮ್ಯವೂ ಸುರಿನಾಮದ ಸಕ್ಕರೆಯೂ ಅಂದಿನ ಲೆಕ್ಕದಲ್ಲಿ ಅವರಿಗೆ ಹೆಚ್ಚಿನ ಲಾಭವಾಗಿ ಕಂಡಿದ್ದವು. ಲೆನಾಪೆ ಜನರೂ, ಬಾಂದಾದಲ್ಲಿ ಅಳಿದುಳಿದವರೂ, ಎರಡು ದ್ವೀಪಗಳ ಗುಲಾಮರೂ ಆ ಪತ್ರದಲ್ಲಿ ಪಕ್ಷಸ್ಥರಾಗಿರಲಿಲ್ಲ.

೬. ಕನ್ನಡ ಕರಾವಳಿಯ ನಿದರ್ಶನ

ಇದೇ ಸ್ಪರ್ಧೆಯು ಕನ್ನಡ ಕರಾವಳಿಯನ್ನೂ ತಟ್ಟಿದ್ದಿತು. ಆದರೆ ಪರಿಣಾಮವು ಬೇರೆ. ಪೋರ್ತುಗೀಜರು ೧೫೬೮-೬೯ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆಗಳನ್ನಿಟ್ಟಿದ್ದರು. ಅವರಿಗೆ ಅಲ್ಲಿಯ ಮೆಣಸು ಬೇಕಾಗಿದ್ದಿತು. ಅಕ್ಕಿಯಂತೂ ಬೇಕೇ ಬೇಕಾಗಿದ್ದಿತು. ಗೋವೆಯು ಅನ್ನಕ್ಕಾಗಿ ಕರಾವಳಿಯ ಅಕ್ಕಿಯನ್ನು ನೆಚ್ಚಿದ್ದಿತು. ಎಂದರೆ ಬಾಂದಾದಲ್ಲಿ ನೆಲದವರು ಪರರ ಅಕ್ಕಿಗೆ ಬಾಯ್ದೆರೆದಿದ್ದರೆ, ಇಲ್ಲಿ ಪರದೇಶದವನೇ ನೆಲದವರ ಅಕ್ಕಿಗೆ ಬಾಯ್ದೆರೆದಿದ್ದನು.

ಆ ಕಾಲದಲ್ಲಿ ಕೆಳದಿಯ ವೀರಶೈವ ಅರಸನಾದ ಶಿವಪ್ಪನಾಯಕನು (೧೬೪೫-೧೬೬೦) ಭೂಮಿಯನ್ನು ಅಳೆಯಿಸಿ, ಕಂದಾಯವನ್ನು ನ್ಯಾಯವಾಗಿ ಗೊತ್ತುಪಡಿಸಿ, ಶಿಸ್ತು ಎಂದು ಪ್ರಸಿದ್ಧವಾದ ವ್ಯವಸ್ಥೆಯನ್ನು ನಿಲ್ಲಿಸಿದ್ದನು. ಸಿಂಹಳದಲ್ಲಿ ಡಚ್ಚರಿಗೂ ಪೋರ್ತುಗೀಜರಿಗೂ ಹೋರಾಟವು ನಡೆದು ಗೋವೆಯ ಬಲವು ಕುಂದಿದ್ದ ಸಮಯವನ್ನು ನೋಡಿ, ೧೬೫೨ರಿಂದ ಎರಡು ಮೂರು ವರ್ಷಗಳೊಳಗೆ ಅವನು ಪೋರ್ತುಗೀಜರ ಕರಾವಳಿಯ ಕೋಟೆಗಳನ್ನು ವಶಪಡಿಸಿಕೊಂಡನು. ತರುವಾಯ ಪೋರ್ತುಗೀಜರು ವ್ಯಾಪಾರಕ್ಕೆ ಮರಳಿ ಬಂದರಾದರೂ ಕೆಳದಿಯವರೊಡನೆ ಒಡಂಬಡಿಕೆ ಮಾಡಿಕೊಂಡು ಬರಬೇಕಾಯಿತು. ರುನ್ ದ್ವೀಪದವರು ಒಬ್ಬ ಪರದೇಶಿಯ ವಿರುದ್ಧ ಮತ್ತೊಬ್ಬನ ಆಶ್ರಯವನ್ನು ನಂಬಿ ಕೆಟ್ಟರು. ಶಿವಪ್ಪನಾಯಕನು ಅವರಿಬ್ಬರ ಜಗಳವನ್ನು ಬಳಸಿಕೊಂಡನೇ ಹೊರತು ಯಾರ ನೆರಳಿಗೂ ಹೋಗಲಿಲ್ಲ. ತುಂಬಿದ ಕಣಜವೂ ಸ್ವಂತ ಸೈನ್ಯವೂ ಅವನಿಗಿದ್ದವು; ಆ ಬಡ ದ್ವೀಪದವರಿಗೆ ಎರಡೂ ಇರಲಿಲ್ಲ. ಈ ಭೇದವನ್ನು ಮರೆತು ಒಬ್ಬರನ್ನು ಹೊಗಳುವದೂ ಒಬ್ಬರನ್ನು ಹಳಿಯುವದೂ ನ್ಯಾಯವಲ್ಲ. ಈ ಭದ್ರತೆಯೂ ಶಾಶ್ವತವಾಗಲಿಲ್ಲ. ಕೆಳದಿಯು ೧೭೬೩ರಲ್ಲಿ ಹೈದರಾಲಿಯ ವಶವಾಯಿತು. ೧೭೯೯ರಲ್ಲಿ ಕರಾವಳಿಯು ಇಂಗ್ಲಿಷ್ ಕಂಪನಿಯ ಪಾಲಾಯಿತು.

೭. ಉಪಸಂಹಾರ

ಅದೇ ೧೭೯೯ರ ಕೊನೆಯ ದಿನದಂದು ಡಚ್ಚರ ಈಸ್ಟ್ ಇಂಡಿಯಾ ಕಂಪನಿಯು ಸಾಲದಲ್ಲಿ ಮುಳುಗಿ ತನ್ನ ಸನದನ್ನು ಕಳೆದುಕೊಂಡಿತು. ಅದರ ಏಕಸ್ವಾಮ್ಯವು ಆ ಮೊದಲೇ ಸಡಿಲಿದ್ದಿತು. ಪಿಯೆರ್ ಪುವಾವ್ರ್ ಎಂಬ ಫ್ರೆಂಚನು ೧೭೭೦ರ ಸುಮಾರಿಗೆ ಜಾಜಿಯ ಸಸಿಗಳನ್ನು ಗುಟ್ಟಾಗಿ ಮಾರಿಶಸ್ ದ್ವೀಪಕ್ಕೆ ತರಿಸಿದನು. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಇಂಗ್ಲಿಷರು ಬಾಂದಾವನ್ನು ಹಿಡಿದಾಗ ಸಾವಿರಾರು ಸಸಿಗಳನ್ನು ತಮ್ಮ ನಾಡುಗಳಿಗೆ ಸಾಗಿಸಿದರು. ಯಾವ ಗಿಡವು ಒಂದೇ ಗುಂಪಿನ ದ್ವೀಪಗಳಲ್ಲಿ ಬೆಳೆಯಬೇಕೆಂದು ಇಷ್ಟು ನೆತ್ತರು ಹರಿಯಿತೋ ಆ ಗಿಡವು ಇಂದು ಕನ್ನಡ ಕರಾವಳಿ ಮಲೆನಾಡುಗಳ ಅಡಿಕೆಯ ತೋಟಗಳಲ್ಲಿ ನೆರಳಿನ ಕೆಳಗೆ ತಣ್ಣಗೆ ಕಾಯಿಬಿಡುತ್ತಿರುವದು.

ಗಿಡವು ಹರಡಿತು, ಜನರು ಚದರಿದರು. ೧೬೨೧ರ ಕೊಲೆಯಿಂದ ತಪ್ಪಿಸಿಕೊಂಡ ಕೆಲವು ಬಾಂದಾ ಸಂಸಾರಗಳು ದೋಣಿಗಳಲ್ಲಿ ಪೂರ್ವಕ್ಕೆ ಹೋಗಿ ಕೇಯಿ ದ್ವೀಪಗಳಲ್ಲಿ ನೆಲೆಸಿದವು. ಬಾಂದಾ ಎಲಿ, ಬಾಂದಾ ಎಲಾಟ್ ಎಂಬ ಅವರ ಊರುಗಳಲ್ಲಿ ಇಂದಿಗೂ ಹಳೆಯ ಬಾಂದಾ ನುಡಿಯು ಉಳಿದಿರುವದು. ಬಾಂದಾ ದ್ವೀಪಗಳಲ್ಲಿಯೇ ಅದನ್ನಾಡುವವರಿಲ್ಲ. ನೆಲವನ್ನು ಕಳೆದುಕೊಂಡವರು ಊರ ಹೆಸರನ್ನೂ ತಾಯಿನುಡಿಯನ್ನೂ ದೋಣಿಯಲ್ಲಿಟ್ಟುಕೊಂಡು ಹೋಗಿ, ನಾಲ್ಕುನೂರು ವರ್ಷಗಳವರೆಗೆ ಕಾಪಾಡಿದರು. ಅವರನ್ನು ಅಳಿಸಿದ ಕಂಪನಿಯ ಕೋಟೆಗಳು ಇಂದು ನೋಡುವವರ ಪಾಲಿನ ಕಲ್ಲುಗಳಾಗಿರುವವು. ಅವರ ಮಕ್ಕಳು ಮಾತ್ರ ತಮ್ಮ ಹಿರಿಯರ ನುಡಿಯಲ್ಲಿಯೇ ತಮ್ಮ ಕೂಸುಗಳನ್ನು ಕರೆಯುತ್ತಿರುವರು.